ಶೋಕಗೀತೆಗೆ ಒಂದು ವರ್ಷ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಕವಿತೆ ಪುಟದಲ್ಲಿ ಇತ್ತೀಚೆಗೆ ತೀರಿಕೊಂಡವರ ಮೇಲಿನ ಪದ್ಯಗಳೇ ಜಾಸ್ತಿ. ಅಪ್ಪ, ಅವ್ವ, ಮೇಷ್ಟ್ರು, ಗೆಳೆಯ, ನಟ, ಸ್ವಾಮೀಜಿ. ಬರೆದವರ ಸಂಕಟ ಸುಳ್ಳೆಂದು ಯಾರೂ ಹೇಳಲಾರರು. ಪದ್ಯಗಳು ಮಾತ್ರ ಒಂದರ ಹಾಗೇ ಇನ್ನೊಂದು ಇರುತ್ತವೆ. ತುಮಕೂರಿನಲ್ಲಿ ಕವಿತೆ ಓದುವ, ಹೊಸಬರ ಕರಡು ತಿದ್ದಿಕೊಡುವ ನಾಲ್ಕಾರು ಮಂದಿ ಕೂಡಿ ಬರೆಯುತ್ತಿರುವ ಪತ್ರ ಇದು. ಸ್ವಲ್ಪ ದೂರಿದೆ, ಉಳಿದದ್ದು ಕೆಲಸದ ಮಾತು.

ದೂರು ಇಷ್ಟೇ. ತಿಥಿ ಕಾರ್ಡು, ಸರ್ಕಲ್ಲಿನ ಶ್ರದ್ಧಾಂಜಲಿ ಫ್ಲೆಕ್ಸು, ವಾಟ್ಸಾಪ್ ಸ್ಟೇಟಸ್ಸು, ಪುರವಣಿಯ ಕವಿತೆ, ಈ ನಾಲ್ಕಕ್ಕೂ ಈಗ ಒಂದೇ ಪದ್ಯ ಸಾಕಾಗುತ್ತಿದೆ. ಕಾರ್ಡನ್ನು ದೂರಲಾಗದು. ಯಾವ ದಿನ, ಎಲ್ಲಿ, ಊಟ ಎಷ್ಟು ಹೊತ್ತಿಗೆ ಎಂದು ನೆಂಟರಿಗೆ ತಿಳಿಸುವುದು ಅದರ ಕೆಲಸ. ಮೇಲೊಂದು ಪದ್ಯ ಇದ್ದರೆ ಲಕ್ಷಣ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಕಗ್ಗದಿಂದ ಒಂದನ್ನು ಆರಿಸಿ ಹಾಕಿದರೆ ಇನ್ನೂ ಲಕ್ಷಣ. ಆದರೆ ಕವಿತೆ ಎಂದು ಹೆಸರಿಟ್ಟು ಪತ್ರಿಕೆಗೆ ಕಳಿಸುವಾಗ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಪದ್ಯದಲ್ಲಿರುವ ಹೆಸರನ್ನೋ ಸಂಬಂಧವನ್ನೋ ಬದಲಿಸಿ, ಪಕ್ಕದ ಬೀದಿಯಲ್ಲಿ ತೀರಿಕೊಂಡವರಿಗೆ ಹೊಂದಿಸಿ ನೋಡಿ. ಯಾವ ಸಾಲು ಅಲ್ಲಾಡದೆ ಅವರಿಗೂ ಕೂತುಬಿಡುತ್ತದೋ ಆ ಸಾಲು ನಿಮ್ಮದಲ್ಲ, ಹೊಡೆದುಹಾಕಿ. ಈಗಂತೂ ಮೊಬೈಲಿಗೆ ಹೆಸರು, ವಯಸ್ಸು, ಊರು ಕೊಟ್ಟರೆ ಅಂಥ ಸಾಲುಗಳನ್ನು ಒಂದು ನಿಮಿಷದಲ್ಲಿ ಬೇಕಾದಷ್ಟು ಉದುರಿಸುತ್ತದೆ.

ಹೀಗೇಕಾಗುತ್ತದೆ? ದುಃಖ ದೊಡ್ಡದಿದ್ದರೆ ಪದ್ಯವೂ ದೊಡ್ಡದಾಗುತ್ತದೆ ಎಂಬ ನಂಬಿಕೆಯೇ ಕಾರಣ. ನಮ್ಮ ಕಾವ್ಯಮೀಮಾಂಸೆ ಇದನ್ನು ಒಪ್ಪುವುದಿಲ್ಲ. ಬೇಡನ ಬಾಣಕ್ಕೆ ಬಿದ್ದ ಕ್ರೌಂಚ ಪಕ್ಷಿಯನ್ನು ಕಂಡು ವಾಲ್ಮೀಕಿಯ ಬಾಯಲ್ಲಿ ಮೊದಲ ಶ್ಲೋಕ ಹೊರಟ ಕಥೆ ಎಲ್ಲರಿಗೂ ಗೊತ್ತು. ಆನಂದವರ್ಧನ ತನ್ನ ‘ಧ್ವನ್ಯಾಲೋಕ’ದಲ್ಲಿ ಆ ಪ್ರಸಂಗವನ್ನು ಎತ್ತಿಕೊಂಡಾಗ, ಆ ಗ್ರಂಥಕ್ಕೆ ‘ಲೋಚನ’ ಎಂಬ ವ್ಯಾಖ್ಯಾನ ಬರೆದ ಅಭಿನವಗುಪ್ತ ಒಂದು ಎಚ್ಚರಿಕೆ ಸೇರಿಸುತ್ತಾನೆ: ಇದನ್ನು ಮುನಿಯ ಸ್ವಂತ ಶೋಕ ಎಂದುಕೊಳ್ಳಬೇಡಿ, ಹಾಗಿದ್ದಿದ್ದರೆ ಅವನು ದುಃಖದಲ್ಲೇ ಬೆಂದುಹೋಗುತ್ತಿದ್ದ, ಅಲ್ಲಿ ರಸಕ್ಕೆ ಎಡೆಯೇ ಇರುತ್ತಿರಲಿಲ್ಲ. ಶೋಕ ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವ. ಕರುಣ ರಸ, ಅಂದರೆ ಓದುವವನು ಸವಿಯುವಂತೆ ಅದು ಕಾವ್ಯವಾದದ್ದು. ಒಂದು ಇನ್ನೊಂದಾಗಬೇಕಾದರೆ ನಡುವೆ ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಬೇಕು. ವಿಭಾವ ಅಂದರೆ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಹೊತ್ತು. ಅನುಭಾವ ಅಂದರೆ ಮೈಯಲ್ಲಿ, ದನಿಯಲ್ಲಿ ಕಂಡದ್ದು. ವ್ಯಭಿಚಾರಿಭಾವ ಅಂದರೆ ನಡುನಡುವೆ ಬಂದುಹೋಗುವ ಸಿಟ್ಟು, ನಾಚಿಕೆ, ದಣಿವು, ನೆನಪು. ಇವನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ತಿಳಿಯಬೇಕೆಂದರೆ ನಮ್ಮ ಜಿಲ್ಲೆಯವರೇ ಆದ, ಚಿಕ್ಕನಾಯಕನಹಳ್ಳಿ ತಾಲ್ಲೂಕು ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ (ಹುಟ್ಟು 1906) ‘ಭಾರತೀಯ ಕಾವ್ಯಮೀಮಾಂಸೆ’ಯ ರಸದ ಅಧ್ಯಾಯಗಳನ್ನು ಓದಿದರೆ ಸಾಕು. ಬೇರೆ ಕಮ್ಮಟ ಬೇಕಾಗಿಲ್ಲ.

ಆಲಂಕಾರಿಕರು, ಅಂದರೆ ಹಳೆಯ ಕಾವ್ಯಶಾಸ್ತ್ರಕಾರರು, ಹೇಳಿದ ದೋಷಗಳಲ್ಲಿ ಎರಡು ನಮ್ಮ ಪುರವಣಿ ಪದ್ಯಗಳಿಗೆ ನೇರವಾಗಿ ತಾಗುತ್ತವೆ. ಒಂದು, ಭಾವವನ್ನು ಅದರ ಹೆಸರು ಹಿಡಿದೇ ಹೇಳಿಬಿಡುವುದು. ‘ದುಃಖವಾಯಿತು’, ‘ನೋವು ಮಡುಗಟ್ಟಿತು’, ‘ಶೋಕಸಾಗರ’ ಎಂದೆಲ್ಲ ಬರೆದಲ್ಲಿ ಓದುವವನಿಗೆ ಸುದ್ದಿ ತಲುಪುತ್ತದೆ, ಅಷ್ಟೆ. ಇನ್ನೊಂದು, ಒಮ್ಮೆ ತುಂಬಿ ಬಂದ ರಸವನ್ನು ಮತ್ತೆ ಮತ್ತೆ ಕೆದಕುವುದು. ಮುಟ್ಟಿ ಮುಟ್ಟಿ ಬಾಡಿದ ಹೂವಿನಂತಾಗುತ್ತದೆ ಎಂಬರ್ಥದ ಮಾತನ್ನು ಆನಂದವರ್ಧನನೇ ಆಡಿದ್ದಾನೆ. ಈ ದೋಷಕ್ಕೆ ‘ಕಾವ್ಯಪ್ರಕಾಶ’ ಬರೆದ ಮಮ್ಮಟ ಕೊಡುವ ಉದಾಹರಣೆ ಯಾವುದು ಗೊತ್ತೇ? ಕಾಳಿದಾಸನ ಕುಮಾರಸಂಭವದ ನಾಲ್ಕನೇ ಸರ್ಗದ ರತಿವಿಲಾಪ, ಗಂಡ ಮನ್ಮಥ ಸುಟ್ಟುಹೋದಾಗ ರತಿ ಅಳುವ ಭಾಗ. ಕಾಳಿದಾಸನಿಗೇ ರಿಯಾಯಿತಿ ಸಿಗದಿದ್ದ ಮೇಲೆ ನಲವತ್ತು ಸಾಲು ‘ಮರಳಿ ಬಾ, ಮರಳಿ ಬಾ’ ಎನ್ನುವ ಪದ್ಯವನ್ನು ಹದಿನಾರಕ್ಕೆ ಇಳಿಸಿ ಎಂದರೆ ಕವಿಗಳು ಮುನಿಸಿಕೊಳ್ಳಬಾರದು.

ಇನ್ನು ಕೆಲಸದ ಮಾತು.

ಸಾವಾದ ಮನೆಯಲ್ಲಿ ಮೊದಲ ಹನ್ನೊಂದು ದಿನ ಪದ್ಯ ಬರೆಯಬೇಡಿ, ಟಿಪ್ಪಣಿ ಬರೆಯಿರಿ. ದುಃಖ ಹೇಗೂ ಉಳಿಯುತ್ತದೆ. ವಿವರ ಬೇಗ ಮಾಸಿಹೋಗುತ್ತದೆ. ಮೂರನೇ ದಿನ ಹಾಲುತುಪ್ಪ ಬಿಡುವಾಗ ಯಾರು ಯಾವ ಲೋಟ ಹಿಡಿದಿದ್ದರು, ಶಾಮಿಯಾನದವನು ಕುರ್ಚಿ ಎಣಿಸುವಾಗ ಏನಂದ, ಬಂದವರು ಚಪ್ಪಲಿ ಎಲ್ಲಿ ಬಿಟ್ಟರು, ಮಗು ಏನು ಕೇಳಿತು, ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕೆಂದು ಹೇಳಿದವರು ಯಾರು. ಇವೆಲ್ಲ ತಿಂಗಳು ಕಳೆಯುವ ಹೊತ್ತಿಗೆ ಕಲಸಿಹೋಗಿರುತ್ತವೆ. ದಿನಕ್ಕೆ ನಾಲ್ಕೈದು ಸಾಲು ಸಾಕು, ಪೂರ್ತಿ ವಾಕ್ಯವೂ ಬೇಡ. ಒಂದೇ ಕಟ್ಟುಪಾಡು: ವಿಶೇಷಣ ಹಾಕಕೂಡದು. ‘ಕರುಳು ಹಿಂಡುವ ಅಳು’ ಎಂದು ಬರೆದಿಟ್ಟರೆ ಆರು ತಿಂಗಳ ಮೇಲೆ ಅದರಿಂದ ಏನೂ ಹುಟ್ಟುವುದಿಲ್ಲ. ‘ಬಾಗಿಲಿಗೆ ಬೆನ್ನು ಹಾಕಿ, ಸೆರಗು ಬಾಯಿಗೆ ತುರುಕಿಕೊಂಡು’ ಎಂದಿದ್ದರೆ ಹುಟ್ಟುತ್ತದೆ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಪಾವಗಡದ ಕಡೆಯವರು, ಚಿಂತಾಮಣಿ, ಬಾಗೇಪಲ್ಲಿಯವರು ತೆಲುಗಿನಲ್ಲಿ ಅತ್ತಿದ್ದರೆ ತೆಲುಗಿನ ಮಾತನ್ನೇ ಕನ್ನಡ ಲಿಪಿಯಲ್ಲಿ ಇಡಿ. ಕೈವಾರದ ತಾತಯ್ಯನವರ ತತ್ವಪದ ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಈ ಸೀಮೆಯ ಭಜನೆಯವರಿಗೆ ಎರಡೂ ಮನೆಮಾತೇ.

ಆಮೇಲಿನ ತಿಂಗಳುಗಳಲ್ಲಿ ಕಚೇರಿಯ ಕಾಗದ ಶುರುವಾಗುತ್ತದೆ. ಕವಿಗಳು ಇದನ್ನು ಯಾಕೋ ಬಿಟ್ಟೇಬಿಡುತ್ತಾರೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಮರಣ ಪ್ರಮಾಣಪತ್ರದ ನಾಲ್ಕಾರು ಪ್ರತಿ ಬೇಕು, ಪಡಿತರ ಚೀಟಿಯಿಂದ ಹೆಸರು ತೆಗೆಸಬೇಕು, ವಂಶವೃಕ್ಷ ಮಾಡಿಸಿ, ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆಗೆ ಅರ್ಜಿ ಹಾಕಬೇಕು. ವಂಶವೃಕ್ಷದಲ್ಲಿ ಸತ್ತವರ ಹೆಸರು ಎಲ್ಲರಿಗಿಂತ ಮೇಲಿರುತ್ತದೆ, ಕೆಳಗೆ ಬದುಕಿರುವವರು ವಯಸ್ಸಿನ ಸಮೇತ ಸಾಲಾಗಿ ನಿಂತಿರುತ್ತಾರೆ. ಹಕ್ಕು ಬಿಟ್ಟುಕೊಡುವ ಅಕ್ಕ ರುಜು ಹಾಕುವಾಗ ಪೆನ್ನು ಯಾರದು? ಕರುಣಕ್ಕೆ ಇದಕ್ಕಿಂತ ಗಟ್ಟಿ ವಿಭಾವ ಹುಡುಕಿಕೊಂಡು ಹಿಮಾಲಯಕ್ಕೆ ಹೋಗಬೇಕಿಲ್ಲ.

ಟಿಪ್ಪಣಿಯಿಂದ ಪದ್ಯಕ್ಕೆ ಬರುವಾಗ ಒಂದು ವಸ್ತು ಆರಿಸಿಕೊಳ್ಳಿ. ಒಂದೇ. ಅದರೊಳಗೆ ಕಾಲ ಓಡುತ್ತಿದ್ದರೆ ಒಳ್ಳೆಯದು. ಕನ್ನಡಕ, ಊರುಗೋಲು, ಖಾಲಿ ಕುರ್ಚಿ ಇವು ಇಟ್ಟಲ್ಲೇ ಇರುತ್ತವೆ, ಮೊದಲ ಸಾಲಿನಲ್ಲೇ ಮುಗಿದುಹೋಗುತ್ತವೆ. ಬೇರೆಯವರು ಬರೆದು ಬರೆದು ಸವೆಸಿಯೂ ಆಗಿದೆ. ಶಿಡ್ಲಘಟ್ಟದ ಕಡೆಯ ಹುಳುವಿನ ಮನೆಯನ್ನು ನೋಡಿ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ರೇಷ್ಮೆಹುಳು ಏಳೆಂಟು ದಿನ ಬಿಡದೆ ತಿನ್ನುತ್ತದೆ. ಅದರ ಇಡೀ ಬದುಕಿನ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಆ ದಿನಗಳಲ್ಲೇ ಮುಗಿಯುತ್ತದೆ. ಆ ವಾರದಲ್ಲಿ ಮನೆಯ ಯಜಮಾನ ಹೋದರೆ? ಹೆಣ ಅಂಗಳದಲ್ಲಿದ್ದರೂ ಯಾರೋ ಒಬ್ಬರು ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರಲೇಬೇಕು. ಬಂದ ನೆಂಟರನ್ನು ಹುಳುವಿನ ಮನೆಯೊಳಗೆ ಬಿಡುವಂತಿಲ್ಲ. ಹೊರಗೆ ತಮಟೆ, ಒಳಗೆ ಸೊಪ್ಪು ಕಡಿಯುವ ಸದ್ದು. ಹುಳ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತುವ ಹೊತ್ತಿಗೆ ತಿಥಿ, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ದು ಬಂದ ದುಡ್ಡಿನಲ್ಲಿ ತಿಥಿಯ ಬಾಕಿ. ಇದನ್ನು ಯಾರೂ ಕಲ್ಪಿಸಿ ಜೋಡಿಸಬೇಕಿಲ್ಲ, ಬೆಳೆಯ ಲೆಕ್ಕವೇ ಹಾಗಿದೆ. ಕವಿಯ ಪಾಲಿಗೆ ಉಳಿಯುವುದು ಆ ಲೆಕ್ಕ ತಪ್ಪದಂತೆ ಬರೆಯುವುದು. ಎರಡನೇ ಜ್ವರದ ಹುಳುವಿಗೆ ರಾಶಿ ಸೊಪ್ಪು ಹಾಕಿಸಿದರೆ ಶಿಡ್ಲಘಟ್ಟದ ಓದುಗ ಅಲ್ಲೇ ಪುಟ ತಿರುವುತ್ತಾನೆ.

ತಿಪಟೂರು ಕಡೆಯ ಕೊಬ್ಬರಿಯ ಅಟ್ಟವೂ ಅಂಥದೇ. ಅದನ್ನಿಟ್ಟುಕೊಂಡು ಒಂದು ಪದ್ಯ ತಿದ್ದುವ ಬಗೆ ತೋರಿಸುತ್ತೇವೆ. ಇದು ಪುಟಕ್ಕೆ ಬರುವ ಮಾದರಿಯ ಸಾಲು, ಯಾರೊಬ್ಬರದೂ ಅಲ್ಲ:

ಅಪ್ಪಾ ನೀನಿಲ್ಲದ ಮನೆಯಿದು ಬರಿದು
ಕಣ್ಣೀರ ಕಡಲಲಿ ಮುಳುಗಿದೆ ಬದುಕು
ಬಾಳಿನ ದೀಪವು ನಂದಿತು ಇಂದು
ಮರಳಿ ಬಾ ಒಮ್ಮೆ, ಕರೆಯುವೆ ನೊಂದು

ಹೆಸರು ಬದಲಿಸುವ ಪರೀಕ್ಷೆಯಲ್ಲಿ ನಾಲ್ಕಕ್ಕೆ ನಾಲ್ಕೂ ಬೀಳುತ್ತವೆ. ಬರಿದಾದ ಮನೆ, ಕಣ್ಣೀರ ಕಡಲು, ನಂದಿದ ದೀಪ ಎಲ್ಲವೂ ಅಂಗಡಿಯಿಂದ ತಂದ ಸಾಮಾನು. ಕವಿಯನ್ನು ಕೂರಿಸಿ ಕೇಳಬೇಕಾದ್ದು, ಅಪ್ಪ ಹೋಗುವ ಮುಂಚೆ ಕೊನೆಯದಾಗಿ ಮಾಡಿದ ಕೆಲಸ ಯಾವುದು ಎಂದು. ತೆಂಗಿನ ತೋಟದವರಾದರೆ ಉತ್ತರ ಸಿಗುತ್ತದೆ: ಕೊಬ್ಬರಿಗೆಂದು ಕಾಯಿ ಅಟ್ಟಕ್ಕೆ ಹಾಕಿದ್ದರು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನೇ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಕೂಡುತ್ತದೆ. ಅಲುಗಿಸಿದರೆ ಗಡಗಡ ಸದ್ದು ಬಂತೋ, ಗಿಟುಕು ಆಯಿತೆಂದು ಅರ್ಥ. ಅಪ್ಪ ಹಾಕಿದ ಕಾಯಿ ಕೊಬ್ಬರಿಯಾಗುವ ಹೊತ್ತಿಗೂ ವರ್ಷದ ತಿಥಿಗೂ ಹೆಚ್ಚು ಕಡಿಮೆ ಸರಿಹೋಗುತ್ತದೆ.

ಅಟ್ಟದ ಮೇಲಿವೆ ನೀವಿಟ್ಟ ಕಾಯಿ
ಒಳಗಿನ ನೀರೆಲ್ಲ ಆರುವ ಹೊತ್ತು
ವರ್ಷದ ತಿಥಿಗೆಂದು ಏಣಿಯ ಹಾಕಿ
ಅಲುಗಿಸಿದರೆ ಗಿಟುಕು ಗಡಗಡಿಸಿತ್ತು

ಮಹಾಕಾವ್ಯವೇನಲ್ಲ. ಆದರೆ ಅಳು, ನೋವು, ಕಣ್ಣೀರು ಒಂದೂ ಇಲ್ಲದೆ ನಿಂತಿದೆ. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ ಹದಿನಾರು. ಬೆರಳು ಮಡಿಸಿ ಎಣಿಸಿ: ಮೊದಲ ಸಾಲಿನಲ್ಲಿ ಅಟ್, ಮೇ, ನೀ, ವಿಟ್, ಕಾ ಎಂದು ಐದು ಗುರು, ಓದು ತಡೆದು ತಡೆದು ಸಾಗುತ್ತದೆ. ಕೊನೆಯ ಸಾಲಿನಲ್ಲಿ ಗುರು ಒಂದೇ, ಉಳಿದದ್ದೆಲ್ಲ ಲಘು. ಕಾಯಿ ಅಲುಗಿದ ಸದ್ದು ಅಲ್ಲಿಂದ ಬಂತು. ‘ಗಡಗಡ’ ಎಂಬ ಪದವೊಂದರಿಂದಲೇ ಬಂದದ್ದಲ್ಲ. ತಿದ್ದಬೇಕಾದ್ದು ಇನ್ನೂ ಇದೆ. ಮೊದಲ ಸಾಲು ‘ಇವೆ’ ಎಂದು ವರ್ತಮಾನದಲ್ಲಿದೆ, ಕೊನೆಯದು ಭೂತಕಾಲ. ಹಾಗೇ ಬಿಟ್ಟರೆ ಅಪ್ಪ ಹೋದರೂ ಕಾಯಿ ‘ಇವೆ’ ಎಂಬ ಅರ್ಥ ಹೊರಡಬಹುದು, ಇಲ್ಲವೇ ಬರೀ ಅಜಾಗರೂಕತೆ ಎನಿಸಬಹುದು. ನಮ್ಮಲ್ಲೇ ಈ ಬಗ್ಗೆ ಎರಡು ಮತವಿದೆ. ಮುಂದಿನ ನಾಲ್ಕು ಸಾಲು ಕಾಲವನ್ನು ಹೇಗೆ ಹಿಡಿಯುತ್ತದೆ ಎಂಬುದರ ಮೇಲೆ ಅದು ತೀರ್ಮಾನವಾಗಬೇಕು.

ನಡೆಯ ಬಗ್ಗೆ ಇನ್ನೆರಡು ಮಾತು. ಮೂರು ಮೂರು ಮಾತ್ರೆಯ ನಡೆ ಓಡುತ್ತದೆ. ಶೋಕಗೀತೆಗೆ ಅದನ್ನು ಹಿಡಿದವರು ಮಧ್ಯದಲ್ಲಿ ಮಕ್ಕಳ ಪದ್ಯವಾಗುತ್ತಿದೆ ಎಂದು ಗೊತ್ತಾಗಿ ಗಾಬರಿಯಾಗುತ್ತಾರೆ. ಐದರ ನಡೆಯಲ್ಲಿ ತೂಗುವ ಗುಣವಿದೆ, ಆಲೋಚನೆಗೆ ಒಗ್ಗುತ್ತದೆ. ಕಗ್ಗದ ಚೌಪದಿಗಳದು ಅದೇ ನಡೆ. 945 ಪದ್ಯಗಳ ಆ ಲಯ ನಮ್ಮ ಕಿವಿಯಲ್ಲಿ ಎಷ್ಟು ಕೂತಿದೆಯೆಂದರೆ ಐದರಲ್ಲಿ ಸಾವಿನ ಬಗ್ಗೆ ಬರೆಯಲು ಹೊರಟವರು ಮೂರನೇ ಪದ್ಯಕ್ಕೆ ಉಪದೇಶಕ್ಕೆ ಇಳಿದಿರುತ್ತಾರೆ. ಮೂರು ನಾಲ್ಕು ಬೆರೆಯುವ ಭಾಮಿನಿ ಷಟ್ಪದಿಯ ನಡೆ ಶೋಕಕ್ಕೆ ಚೆನ್ನಾಗಿ ಒಗ್ಗುತ್ತದೆ ಎಂಬುದು ನಮ್ಮ ಅನಿಸಿಕೆ. ಹದಿನಾಲ್ಕು ಮಾತ್ರೆಯ ಎರಡು ಸಾಲು, ಆಮೇಲೆ ಇಪ್ಪತ್ತಮೂರರ ಒಂದು ಉದ್ದ ಸಾಲು. ಬಿಗಿಹಿಡಿದ ಉಸಿರು ಆ ಮೂರನೆಯದರಲ್ಲಿ ಬಿಡುತ್ತದೆ. ಗಮಕಿಗಳ ಓದು ಕೇಳಿದವರಿಗೆ ಇದು ಕಿವಿಯಿಂದಲೇ ಗೊತ್ತಿರುತ್ತದೆ. ಪೂರ್ತಿ ಷಟ್ಪದಿ ಬರೆಯಿರಿ ಎನ್ನುತ್ತಿಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರು ‘ಇಂಗ್ಲಿಷ್ ಗೀತಗಳು’ ಕಟ್ಟುವಾಗ ಹಳೆಯ ಮಾತ್ರಾಗಣಗಳನ್ನೇ ಬಿಡಿಸಿ ಹೊಸ ಸಾಲು, ಹೊಸ ಪದ್ಯಬಂಧ ಮಾಡಿಕೊಟ್ಟರು. ಆ ಸ್ವಾತಂತ್ರ್ಯ ನೂರು ವರ್ಷದಿಂದ ನಮ್ಮ ಕೈಯಲ್ಲಿದೆ. ಕಾಳಿದಾಸ ಕೂಡ ರತಿವಿಲಾಪಕ್ಕೂ ರಘುವಂಶದ ಎಂಟನೇ ಸರ್ಗದ ಅಜವಿಲಾಪಕ್ಕೂ ವಿಯೋಗಿನಿ ಎಂಬ ಒಂದೇ ವೃತ್ತ ಆರಿಸಿಕೊಂಡ. ಹತ್ತು ಅಕ್ಷರದ ಒಂದು ಪಾದ, ಹನ್ನೊಂದರ ಒಂದು ಪಾದ, ಹೀಗೆ ಸ್ವಲ್ಪ ಕುಂಟುತ್ತ ನಡೆಯುವ ವೃತ್ತ ಅದು. ಮುಕ್ತಛಂದದವರು ನಕ್ಕುಬಿಡಬೇಡಿ. ಲೆಕ್ಕ ಬೇಡವಾದರೆ ಬೇಡ. ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿ ಉಸಿರು ಮುರಿಯುತ್ತದೆಯೇ ಎಂದು ಗಟ್ಟಿಯಾಗಿ ಓದಿ ನೋಡಬೇಕಾದ್ದು ನಿಮಗೂ ತಪ್ಪಿದ್ದಲ್ಲ.

ಪ್ರಾಸದಿಂದ ಆಗುವ ಹಾನಿ ಎಲ್ಲರಿಗೂ ಕಾಣುವಂಥದ್ದು. ‘ಸಾವು’ ಎಂದೊಡನೆ ನೋವು, ಬೇವು, ಕಾವು, ನಾವು ಸಾಲುಗಟ್ಟುತ್ತವೆ. ‘ಅಮ್ಮ’ನಿಗೆ ‘ನಮ್ಮ’, ‘ಒಮ್ಮೆ’. ಅಂತ್ಯಪ್ರಾಸ ಬೇಕೇ ಬೇಕೆಂದರೆ ಸಾವಿನ ಮಾತನ್ನು ಸಾಲಿನ ಮಧ್ಯಕ್ಕೆ ತಳ್ಳಿ, ತುದಿಗೆ ಕಾಯಿ, ಏಣಿ, ರಶೀದಿ ಬರಲಿ.

ಇಷ್ಟೆಲ್ಲ ಹೇಳಿದ ಮೇಲೆ, ಓದುಬರಹ ಬಾರದ ನಮ್ಮ ಹೆಂಗಸರು ಹೆಣದ ಮುಂದೆ ಹೇಳಿಕೊಂಡು ಅಳುವುದನ್ನು ಗಮನಿಸಿ ಕೇಳಿ ಎಂದರೆ ಸಾಕಿತ್ತೇನೋ. ಆ ಅಳುವಿನಲ್ಲಿ ಸೊಗಸಾದ ಕಟ್ಟಿದೆ. ಪ್ರತಿ ಸಾಲೂ ಒಂದು ಕೆಲಸವನ್ನು ನೆನೆದು ಒಂದು ಕರೆಯಲ್ಲಿ ಮುಗಿಯುತ್ತದೆ: ‘ಸಂತೇಲಿ ಸಾಲ ಹೇಳಿ ಸೀರೆ ತಂದೋನೇ, ಮಳೇಲಿ ಗೋಣಿ ಹೊದ್ದು ನೀರು ಕಟ್ಟಿದೋನೇ’. ಕರೆ ಉದ್ದ ಎಳೆಯುವಷ್ಟರಲ್ಲಿ ಮುಂದಿನ ಕೆಲಸ ನೆನಪಾಗಿರುತ್ತದೆ. ಅದರಲ್ಲಿ ಹೊಗಳಿಕೆ ಎಷ್ಟಿದೆಯೋ ಬೈಗುಳವೂ ಅಷ್ಟೇ ಇದೆ. ಸಾಲ ತೀರಿಸದೆ ಹೋದದ್ದು, ಮಗಳ ಮದುವೆ ಬಾಕಿ ಇಟ್ಟದ್ದು, ಹೇಳಿದ ಮಾತು ಕೇಳದೆ ಬೀಡಿ ಸೇದಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಪುರವಣಿಯ ಅಪ್ಪಂದಿರಾದರೋ ಒಬ್ಬರೂ ಒಂದು ತಪ್ಪು ಮಾಡಿದವರಲ್ಲ. ಸಿಟ್ಟು ಬರದ ಶೋಕಗೀತೆ ಶಾಲು ಹೊದಿಸುವ ಸಮಾರಂಭವಾಗಿಬಿಡುತ್ತದೆ.

ಬೈಗುಳದಂತೆಯೇ ತರ್ಕವೂ ಕೆಲಸಕ್ಕೆ ಬರುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ನಡೆಯುತ್ತ ಒಂದೊಂದೇ ಹೆಣದ ಮುಂದೆ ನಿಲ್ಲುತ್ತಾನೆ. ದುಶ್ಶಾಸನನ ಮುಂದೆ ನಿಂತಾಗ ಅವನು ಆಡುವುದು ಹುಟ್ಟಿನ ಕ್ರಮದ ಮಾತು: ತಾಯ ಮೊಲೆಹಾಲು ಮೊದಲು ನಾನುಂಡೆ, ಆಮೇಲೆ ನೀನು, ಊಟ ಉಪಚಾರ ಪ್ರತಿಯೊಂದರಲ್ಲೂ ನಾನು ಮೊದಲು, ನೀನು ಹಿಂದೆ, ಸಾವಿನಲ್ಲಿ ಮಾತ್ರ ನೀನು ಮುಂದಾಗಿ ಆ ಮರ್ಯಾದೆ ಮುರಿದೆ. ಒಂದು ಮನೆಯ ನಿಯಮ, ಅದು ತಪ್ಪಿದ ಒಂದು ಜಾಗ, ಇಷ್ಟರ ಮೇಲೆ ಪದ್ಯ ನಿಂತಿದೆ. ಸಾವಿರ ವರ್ಷವಾದರೂ ಓದಿದವರ ಗಂಟಲು ಕಟ್ಟುತ್ತದೆ. ಅದೇ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಮೆಚ್ಚಿಕೊಳ್ಳುತ್ತಾನೆ. ಇಂಥ ಅಡ್ಡ ಭಾವ ಒಂದಾದರೂ ಇಲ್ಲದಿದ್ದರೆ ಪದ್ಯ ಚಪ್ಪಟೆ.

ಯಾರಿಗೆ ಹೇಳುತ್ತಿದ್ದೀರಿ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಸತ್ತವರನ್ನೇ ಕರೆದು ಮಾತಾಡುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿ ಹೋದದ್ದು ಮಗು, ಮಾತು ಮಾತ್ರ ಎದುರಿಗಿರುವ ಹೆಂಡತಿಯ ಜೊತೆ. ಆ ಕವಿತೆಯ ಕಸುವು ಬಹುಪಾಲು ಅಲ್ಲೇ ಇದೆ. ಪೌತಿ ಖಾತೆಯ ಪದ್ಯವನ್ನು ಗ್ರಾಮ ಲೆಕ್ಕಿಗನಿಗೆ ಹೇಳಿದಂತೆ ಬರೆದು ನೋಡಬಹುದು, ಗಿಟುಕಿನದನ್ನು ಕೊಬ್ಬರಿ ವ್ಯಾಪಾರಿಗೆ. ಸತ್ತವರನ್ನೇ ಕರೆಯುವುದಾದರೆ ಬದುಕಿದ್ದಾಗ ಕರೆದ ಹಾಗೇ ಕರೆಯಿರಿ. ಮನೆಯಲ್ಲಿ ಅಪ್ಪನಿಗೆ ‘ನೀವು’, ಅವ್ವನಿಗೆ ‘ನೀನು’ ಎನ್ನುತ್ತಿದ್ದವರು ಪದ್ಯದಲ್ಲಿ ಇಬ್ಬರಿಗೂ ‘ನೀನು’ ಎಂದರೆ ಅದು ನಿಮ್ಮ ಮನೆಯ ದನಿಯಲ್ಲ, ಭಾವಗೀತೆಯ ಕ್ಯಾಸೆಟ್ಟಿನದು. ಮೇಲಿನ ತಿದ್ದುಪಡಿಯಲ್ಲಿ ‘ನೀನಿಲ್ಲದ’ ಹೋಗಿ ‘ನೀವಿಟ್ಟ’ ಬಂದದ್ದು ಇದಕ್ಕೇ.

ಕೊನೆಯ ಪದ್ಯದ ರೋಗ ಬೇರೆಯೇ. ಹದಿನಾರು ಸಾಲು ಚೆನ್ನಾಗಿ ಬಂದ ಪದ್ಯ ‘ಹುಟ್ಟಿದವರಿಗೆ ಸಾವು ತಪ್ಪದು’ ಎಂದು ಕೈಮುಗಿದು ಎದ್ದುಬಿಡುತ್ತದೆ, ಇಲ್ಲವೇ ‘ಮತ್ತೆ ನನ್ನ ಹೊಟ್ಟೆಯಲ್ಲಿ ಹುಟ್ಟಿ ಬಾ’ ಎನ್ನುತ್ತದೆ. ಕೊನೆಯ ನಾಲ್ಕು ಸಾಲಿಗೆ ಕೈ ಅಡ್ಡ ಇಟ್ಟು ಉಳಿದದ್ದನ್ನು ಓದಿ. ಹತ್ತರಲ್ಲಿ ಎಂಟು ಪದ್ಯ ಅಲ್ಲಿಗೇ ಮುಗಿದಿರುತ್ತದೆ.

2020 ಮತ್ತು 2021ರ ಕೊರೊನಾ ಕಾಲದ ಸಾವುಗಳ ಮೇಲೆ ಬಂದ ಪದ್ಯಗಳು ಯಾಕೆ ಅಷ್ಟು ತೆಳುವಾದವು ಎಂದು ಯೋಚಿಸಿದರೆ ಇದೇ ಸೂತ್ರ ಹೊಳೆಯುತ್ತದೆ. ಮುಖ ನೋಡುವಂತಿರಲಿಲ್ಲ, ಹೆಗಲು ಕೊಡುವಂತಿರಲಿಲ್ಲ, ಹಾಲುತುಪ್ಪಕ್ಕೆ ಜನ ಸೇರುವಂತಿರಲಿಲ್ಲ. ಕಣ್ಣಿಗೆ ಕಂಡದ್ದೇ ಇಲ್ಲವಾದಾಗ ಕವಿಗಳು ‘ಕಾಣದ ವೈರಿ’, ‘ಕ್ರೂರ ಕಾಲ’ ಎಂದು ಗಾಳಿಗೆ ಗುದ್ದಿದರು. ಆದರೆ ಕಂಡದ್ದು ಇತ್ತು: ಆಸ್ಪತ್ರೆಯಿಂದ ಬಂದ ಫೋನು, ಹೆಸರಿನ ಚೀಟಿ ಅಂಟಿಸಿದ ಚೀಲದಲ್ಲಿ ವಾಪಸಾದ ಬಟ್ಟೆ ಮತ್ತು ಚಾರ್ಜರು, ಬೇರೆ ಯಾರೋ ಮೊಬೈಲಿನಲ್ಲಿ ತೋರಿಸಿದ ಚಿತೆ. ಆ ಮನೆಗಳವರು ಈಗ ಬರೆಯಲಿ. ತಡವಾಯಿತೆಂದು ಯಾರೂ ತಿಳಿಯಬಾರದು.

ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ರೈತನೊಬ್ಬ ಜೀವ ಕಳೆದುಕೊಂಡ ಪದ್ಯದಲ್ಲಿ ಹೇಗೆ, ಯಾವುದರಿಂದ ಎಂಬ ವಿವರ ಬೇಡ. ವಿವರ ಬೇಕೆಂದು ಇಷ್ಟುದ್ದ ಹೇಳಿದವರೇ ಹೇಳುತ್ತಿದ್ದೇವೆ: ಅಲ್ಲಿ ಬೇಡ. ಅದೇ ದಾರಿಯ ಅಂಚಿನಲ್ಲಿ ನಿಂತವರೂ ಪೇಪರ್ ಓದುತ್ತಾರೆ. ಬತ್ತಿದ ಬೋರ್‌ವೆಲ್ಲಿನ ಆಳ ಬರೆಯಿರಿ, ಟೊಮೆಟೊ ಕ್ರೇಟಿಗೆ ಕೋಲಾರದ ಮಂಡಿಯಲ್ಲಿ ಸಿಕ್ಕ ದರ ಬರೆಯಿರಿ, ಸಂಘದ ಕಂತಿನ ವಾರ ಬರೆಯಿರಿ. ಹಾಗೆಯೇ, ಬರೆದರೆ ಮನಸ್ಸು ಹಗುರವಾಗುತ್ತದೆ ಎಂಬ ಮಾತನ್ನು ಔಷಧಿಯ ಚೀಟಿಯ ಹಾಗೆ ಹಂಚುವುದೂ ಸರಿಯಲ್ಲ. ಕೆಲವರಿಗೆ ಹಗುರವಾಗುತ್ತದೆ, ಕೆಲವರಿಗೆ ಗಾಯ ಬಿಚ್ಚುತ್ತದೆ. ತಿಂಗಳುಗಟ್ಟಲೆ ನಿದ್ದೆ, ಊಟ ಬಿಟ್ಟವರಿಗೆ ಬೇಕಾದ್ದು ಸಂಪಾದಕರಲ್ಲ, ವೈದ್ಯರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಕವಿತೆ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ನಿಮಗೆ ಒಂದು ಸಾಲು ಖರ್ಚು.

ಈಗ ನಿಮ್ಮಿಂದ ಆಗಬೇಕಾದ್ದು. ಹೆಸರಾಂತರು ತೀರಿಕೊಂಡ ವಾರವೇ ಅವರ ಮೇಲಿನ ಪದ್ಯ ಹಾಕುವುದನ್ನು ನಿಲ್ಲಿಸಿ. ಅದರ ಬದಲು ‘ನೆನಪು’ ಎಂದೋ ಏನೋ ಹೆಸರಿಟ್ಟು ನೂರೈವತ್ತು ಪದಗಳ ಗದ್ಯ ಕೇಳಿ. ಅವರು ಮಾಡಿದ ಒಂದು ಕೆಲಸ, ಆಡಿದ ಒಂದು ಮಾತು, ಇಷ್ಟಕ್ಕೆ ಸೀಮಿತ. ಟಿಪ್ಪಣಿ ಬರೆಯುವ ಅಭ್ಯಾಸವೂ ಓದುಗರಿಗೆ ಹಾಗೇ ಆಗುತ್ತದೆ. ಮನೆಯವರ ಮೇಲಿನ ಪದ್ಯಕ್ಕೆ ಒಂದು ವರ್ಷ ಕಾಯಿಸುವ ನಿಯಮ ಕ್ರೂರ ಎನಿಸಬಹುದು. ಆದರೆ ವರ್ಷದೊಳಗೆ ಬರೆದವರೇ ಅದನ್ನು ತಿದ್ದಿ ಇನ್ನೊಮ್ಮೆ ಕಳಿಸುತ್ತಾರೆ, ಎರಡನೆಯದು ಮೊದಲಿನದಕ್ಕಿಂತ ಚಿಕ್ಕದಿರುತ್ತದೆ. ಇಪ್ಪತ್ತು ಸಾಲಿನ ಮಿತಿ ಇರಲಿ. ಪದ್ಯದ ಪಕ್ಕ ಆರುತ್ತಿರುವ ದೀಪ, ಉದುರಿದ ಗುಲಾಬಿ ಎಸಳಿನ ಚಿತ್ರ ದಯವಿಟ್ಟು ಬೇಡ. ಕವಿ ಕಷ್ಟಪಟ್ಟು ಹೊಡೆದುಹಾಕಿದ್ದನ್ನು ನಿಮ್ಮ ಪುಟವಿನ್ಯಾಸದವರು ವಾಪಸು ತಂದು ಕೂರಿಸಿದ ಹಾಗಾಗುತ್ತದೆ. ತಿರಸ್ಕರಿಸಿದ ಪದ್ಯಕ್ಕೆ ಉದ್ದ ಕಾರಣ ಬರೆಯಲು ನಿಮಗೆ ಪುರುಸೊತ್ತಿಲ್ಲ ಎಂಬುದು ಗೊತ್ತು. ಹೆಸರು ಬದಲಿಸಿದರೂ ಕೂತುಬಿಡುವ ಸಾಲುಗಳಿಗೆ ಕೆಂಪು ಗೆರೆ ಎಳೆದು ಕಳಿಸಿ, ಸಾಕು.

ಕಳಿಸುವವರಿಗೂ ಒಂದು ಷರತ್ತು ಹಾಕಿ: ಪದ್ಯವನ್ನು ಮನೆಯ ಇನ್ನೊಬ್ಬರಿಗೆ ಓದಿ ಹೇಳಿರಬೇಕು. ಕಾಯಿಲೆಯ ಹೆಸರು, ಜಗಳ, ಸಾಲ ಇವು ಮನೆಯವರೆಲ್ಲರ ಸೊತ್ತು, ಬರೆಯುವವರೊಬ್ಬರದಲ್ಲ. ಓದಿದಾಗ ‘ಹಂಗಲ್ಲ ಆಗಿದ್ದು, ಏಣಿ ಹಾಕಿದ್ದು ನಾನು’ ಎಂದು ಅಣ್ಣ ತಕರಾರು ತೆಗೆದರೆ ಇನ್ನೂ ಒಳ್ಳೆಯದು, ಇನ್ನೆರಡು ಸಾಲಿಗೆ ಸಾಮಾನು ಸಿಕ್ಕಿತು.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಕಾಳಿದಾಸನನ್ನೂ ವಿಯೋಗಿನಿಯನ್ನೂ ಕತ್ತರಿಸಿ, ಬೇಸರವಿಲ್ಲ. ಹೆಂಗಸರ ಅಳುವಿನ ಭಾಗವನ್ನೂ ಸಹಾಯವಾಣಿಯ ಸಂಖ್ಯೆಯನ್ನೂ ಮಾತ್ರ ಬಿಡಬೇಡಿ.

ಇಂತಿ,
ಕೆಲವು ಕಾವ್ಯಾಸಕ್ತರು, ತುಮಕೂರು